ಬೆರಕೆ ಇಲ್ಲ

ಬಾಲುವಿನ ಎದುರಿಗೆ ಆ ಒಂದು ಮಾತನ್ನು ಆಡಬಾರದು ಎನ್ನುವುದು ಮಾರನಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಗೊತ್ತು ಮಾಡಿಸುತ್ತಿದ್ದ. ವನಗೂರಿನ ಶಾಲೆಯಲ್ಲಿದ್ದಾಗ ಹಾಗೆಂದವನ ಕಿವಿ ಕಚ್ಚಿದ್ದ. ಆ ಕಿವಿ ಇವತ್ತಿಗೂ ಮುಕ್ಕಾಲೇ ಇದೆ. ದೊಡ್ಡವನಾದ ಮೇಲೆ, ನಗುನಗುತ್ತಾ ಹಾಗೆಂದ ಜೀಪಿನ ಡ್ರೈವರೊಬ್ಬನ ಮೂಗನ್ನು ಅವನದೇ ಸ್ಟೇರಿಂಗಿಗೆ ಜಜ್ಜಿದ್ದ. ಮೂರನೆಯವನು ಬಾಲುವಿನ ಅಂಗಡಿಗೆ ಎದುರಾಗಿ ರಸ್ತೆಯಾಚೆ ಇರುವ ಹೋಟೆಲಿನ ವೆಂಕಟೇಶ. ಅವನ ಮುಂದಿನ ಎರಡು ಹಲ್ಲು ಹೋಗಿ ನಾಲ್ಕು ವರ್ಷವಾಯಿತು. ಕಟ್ಟಿಸಿಕೊಂಡ ಹಲ್ಲು ಸ್ವಲ್ಪ ಹೆಚ್ಚೇ ಬೆಳ್ಳಗಿರುವುದರಿಂದ ಅವನು ಬಾಯಿ ತೆರೆದಾಗಲೆಲ್ಲ ಊರಿಗೆ ಆ ಜಗಳ ನೆನಪಾಗುತ್ತದೆ.

ಆ ಮಾತು ‘ಬೆರಕೆ’. ಸಾಮಾನಿಗೆ ಅಂದರೆ ಬರೀ ಕಲಬೆರಕೆ. ಮನುಷ್ಯನಿಗೆ ಅಂದರೆ, ಇವನ ಅಪ್ಪ ಯಾರೋ ಏನೋ ಎಂದು ಅರ್ಥ.

ಬಾಲುವಿನ ಅಪ್ಪ ಕುಳ್ಳಯ್ಯ ಹೆಸರಿಗೆ ತಕ್ಕಂತೆ ಗಿಡ್ಡ, ಹೆಚ್ಚು ಹುರಿದ ಕಾಫಿ ಬೀಜದಂತೆ ಕಪ್ಪು. ಅವ್ವ ಭೂತಮ್ಮನೂ ಕಪ್ಪೇ. ಇಬ್ಬರೂ ವನಗೂರಿನಾಚೆಯ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದು ನಲವತ್ತು ವರ್ಷ ದುಡಿದವರು. ಅವರ ಒಬ್ಬನೇ ಮಗ ಆರಡಿ ಎತ್ತರ, ಕೆಂಪು ಮೈಬಣ್ಣ, ಬೆಕ್ಕಿನ ಕಣ್ಣು. ಆ ಕಾಲದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರನಿಗೂ ಬೆಕ್ಕಿನ ಕಣ್ಣಿತ್ತಂತೆ. ಜನಕ್ಕೆ ಅಷ್ಟು ಸಿಕ್ಕರೆ ಸಾಕಲ್ಲ, ಮಿಕ್ಕಿದ್ದನ್ನು ಅವರೇ ಹುಟ್ಟಿಸಿಕೊಂಡರು. ಭೂತಮ್ಮ ಒಂದು ದಿನವೂ ಯಾರಿಗೂ ಉತ್ತರ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಕುಳ್ಳಯ್ಯನನ್ನು ಯಾರಾದರೂ ಕೆಣಕಿದರೆ ಅವನು ಎಲೆಯಡಿಕೆ ಜಗಿಯುತ್ತಲೇ, “ಹೆಗಲ ಮ್ಯಾಲೆ ಹೊತ್ಕಂಡು ತಿರುಗ್ದೋನು ನಾನು. ನನ್ನ ಮಗ ಅಲ್ದೆ ಇನ್ಯಾರ ಮಗನಪ್ಪ?” ಎನ್ನುತ್ತಿದ್ದ. ಅಪ್ಪನಿಗೆ ಸಾಕಾಗಿದ್ದ ಆ ಉತ್ತರ ಮಗನಿಗೆ ಸಾಕಾಗಲಿಲ್ಲ.

ಅದಕ್ಕೇ ಬಾಲು ಹೆದ್ದಾರಿಯ ಪಕ್ಕದಲ್ಲಿ ಕಾಫಿಪುಡಿ ಅಂಗಡಿ ಹಾಕಿದಾಗ ಬೋರ್ಡಿನಲ್ಲಿ ತನ್ನ ಹೆಸರನ್ನು ಚಿಕ್ಕದಾಗಿ ಬರೆಸಿ, ಅದರ ಕೆಳಗೆ ಮೊಳದುದ್ದದ ಕೆಂಪಕ್ಷರದಲ್ಲಿ ‘ಬೆರಕೆ ಇಲ್ಲ’ ಎಂದು ಬರೆಸಿದ. ಘಾಟಿ ಹತ್ತಿ ಏದುಸಿರು ಬಿಡುತ್ತಾ ಬರುವ ಲಾರಿಯವರಿಗೂ ಅದು ದೂರದಿಂದಲೇ ಕಾಣುತ್ತಿತ್ತು. ಬೀಜವನ್ನು ಅವನೇ ಆರಿಸುತ್ತಿದ್ದ, ಅವನೇ ಹುರಿಯುತ್ತಿದ್ದ, ಗಿರಾಕಿಯ ಕಣ್ಣೆದುರೇ ಪುಡಿ ಮಾಡಿ ಕೊಡುತ್ತಿದ್ದ. ಕಾಫಿಪುಡಿಗೆ ಬೆರೆಸುವ ಆ ಚಿಕೋರಿ ಬೇರಿನ ಹೆಸರು ಕೇಳಿದರೆ ಅವನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಚಿಕೋರಿ ಮಾರಲು ಬಂದ ಹಾಸನದ ಏಜೆಂಟನ ಚೀಲವನ್ನು ರಸ್ತೆಗೆ ಎಸೆದಿದ್ದ. ಟ್ಯಾಂಕರೊಂದು ಅದರ ಮೇಲೆ ಹಾದುಹೋಗಿತ್ತು.

ಒಂದೇ ಒಂದು ಕೊರಗು ಅವನಿಗಿತ್ತು. ಎಷ್ಟು ಒಳ್ಳೆಯ ಬೀಜ ಹುರಿದರೂ ಅವ್ವ ಲೈನ್ ಮನೆಯ ಒಲೆಯಲ್ಲಿ ಮಾಡಿಕೊಡುತ್ತಿದ್ದ ಕಾಫಿಯ ರುಚಿ ಬರುತ್ತಿರಲಿಲ್ಲ. ಭೂತಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಸಾಯುವ ಮುಂಚೆ ಅವಳು ಮಗನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, “ಇನ್ಮೇಲೆ ಯಾರ ಮ್ಯಾಲೂ ಕೈ ಎತ್ತಲ್ಲ ಅನ್ನು” ಎಂದು ಭಾಷೆ ತೆಗೆದುಕೊಂಡಿದ್ದಳು. ಅವತ್ತಿನಿಂದ ಅವನು ಹಲ್ಲು ಕಚ್ಚಿಕೊಂಡೇ ಬದುಕುತ್ತಿದ್ದ. ಈಚೆಗೆ ಒಂದು ವರ್ಷದಿಂದ, ಅಂಗಡಿಯ ಹಿಂದೆ ಅಪ್ಪ ಬೆಳಿಗ್ಗೆ ಕಾಸಿ ಕೊಡುವ ಕಾಫಿಯಲ್ಲಿ ಆ ಹಳೆಯ ರುಚಿ ಮತ್ತೆ ಬಂದಿತ್ತು. ಅಂತೂ ನನಗೆ ಹುರಿಯುವ ಹದ ಕೈಹತ್ತಿತು ಎಂದು ಬಾಲು ಹಿಗ್ಗಿಹೋಗಿದ್ದ.

ಆ ದಿನ ಹನ್ನೊಂದರ ಹೊತ್ತಿಗೆ ಫುಡ್ ಇನ್ಸ್‌ಪೆಕ್ಟರ್ ರವಿಚಂದ್ರ ಜೀಪಿನಲ್ಲಿ ಬಂದರು. ಜಿಲ್ಲೆಗೆ ಬಂದು ಮೂರು ತಿಂಗಳಾಗಿತ್ತು, ಮಾರನಹಳ್ಳಿಗೆ ಮೊದಲ ಸಲ. ಮೊದಲು ಎದುರಿನ ಹೋಟೆಲಿಗೆ ಹೋದರು. ವೆಂಕಟೇಶನ ಬಾಣಲೆಯ ಕರಿ ಎಣ್ಣೆಯನ್ನು ಅವನ ಕೈಯಲ್ಲೇ ಚರಂಡಿಗೆ ಸುರಿಸಿದರು. ಬಾಲು ಗಲ್ಲಾದ ಹಿಂದೆ ನಿಂತು ಅದನ್ನೆಲ್ಲ ನೋಡಿ ಹೊಟ್ಟೆ ತಣ್ಣಗೆ ಮಾಡಿಕೊಂಡ. ನೋಡಿದ್ದು ಸಾಲದೆ ಒಮ್ಮೆ ಗಟ್ಟಿಯಾಗಿ ನಕ್ಕ ಕೂಡ. ವೆಂಕಟೇಶ ಅಲ್ಲಿಂದಲೇ ತಿರುಗಿ ನೋಡಿದ. ಆ ನಗುವೊಂದನ್ನು ಬಾಲು ನುಂಗಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ರವಿಚಂದ್ರ ರಸ್ತೆ ದಾಟಿ ಬಂದರು. ಕೈಯಲ್ಲೊಂದು ಫೈಲು, ಹೆಗಲಿಗೊಂದು ಚೀಲ. ಮಾತು ಮೆತ್ತಗೆ. ಬೋರ್ಡನ್ನು ಓದಿ ಮುಗುಳ್ನಕ್ಕರು.

“ಬೋರ್ಡ್ ಜೋರಾಗಿದೆಯಲ್ರೀ. ಹೆಸರೇನು ನಿಮ್ಮದು?”

“ಬಾಲು, ಸಾರ್.”

“ತಂದೆ ಹೆಸರು?”

“ಕುಳ್ಳಯ್ಯ,” ಎಂದು ಬಾಲು ರಸ್ತೆಯಾಚೆಗೂ ಕೇಳುವಂತೆ ಹೇಳಿದ. “ಳ ಬರ್ದು ಕೆಳಗೆ ಳ ಒತ್ತು ಕೊಡಿ ಸಾರ್. ಎಲ್ರೂ ತಪ್ಪು ಬರೀತಾರೆ.”

ಅವರು ಒತ್ತು ಕೊಟ್ಟೇ ಬರೆದರು. ಪರೀಕ್ಷೆಗೆ ಸಾಕ್ಷಿಯೊಬ್ಬ ಬೇಕು ಎಂದಾಗ, ಕರೆಯದಿದ್ದರೂ ವೆಂಕಟೇಶ ಕೈಯಲ್ಲಿ ಗಾಜಿನ ಲೋಟ, ನೀರು ಹಿಡಿದುಕೊಂಡು ಬಂದೇಬಿಟ್ಟ. “ನಾನಿರ್ತೀನಿ ಸಾರ್. ನಂದು ಆಯ್ತಲ್ಲ, ಇವ್ರದ್ದೂ ನೋಡಾನ” ಎಂದು ಮೆಟ್ಟಿಲ ಮೇಲೆ ನಿಂತ. ಪುಡಿ ಕಟ್ಟಿಸಿಕೊಳ್ಳಲು ಬಂದಿದ್ದ ನಾಲ್ಕೈದು ಗಿರಾಕಿಗಳೂ ಸುತ್ತ ಸೇರಿದರು.

ರವಿಚಂದ್ರ ದೊಡ್ಡ ಡಬ್ಬಿಯಿಂದ ಒಂದು ಚಮಚ ಪುಡಿ ತೆಗೆದು ಲೋಟದ ನೀರಿನ ಮೇಲೆ ಮೆಲ್ಲಗೆ ಉದುರಿಸಿದರು. “ಕಾಫಿ ಆದ್ರೆ ತೇಲುತ್ತೆ. ಚಿಕೋರಿ ಇದ್ರೆ ಬಣ್ಣ ಬಿಡ್ತಾ ತಳಕ್ಕೆ ಇಳಿಯುತ್ತೆ. ನೀವೇ ನೋಡಿ.” ಎಲ್ಲರೂ ಬಗ್ಗಿದರು. ಪುಡಿ ತೇಲಿತು. ಒಂದು ಕಾಳೂ ಕೆಳಗಿಳಿಯಲಿಲ್ಲ, ನೀರು ನೀರಾಗಿಯೇ ಇತ್ತು.

“ಭೇಷ್,” ಎಂದರು ರವಿಚಂದ್ರ.

ಸರ್ಕಾರದವರ ಬಾಯಲ್ಲಿ ಆ ಮಾತು ಕೇಳಿ ಬಾಲುವಿನ ಎದೆ ಉಬ್ಬಿತು. ಹುಟ್ಟಿದಾಗಿನಿಂದ ಕಾದಿದ್ದ ಸರ್ಟಿಫಿಕೇಟು ಅದು. ಅಲ್ಲಿಗೆ ಸುಮ್ಮನಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಇನ್ಸ್‌ಪೆಕ್ಟರು ಗಲ್ಲಾದ ಕೆಳಗೆ ಕಣ್ಣಾಡಿಸಿ, ಗೋಣಿಯ ಮರೆಯಲ್ಲಿದ್ದ ಹಳೇ ಬಿಸ್ಕತ್ತಿನ ಡಬ್ಬಿಯೊಂದನ್ನು ತೋರಿಸಿ, “ಅದೇನು?” ಎಂದರು. ಅದು ಕುಳ್ಳಯ್ಯ ಮನೆಗೆಂದು ಎತ್ತಿಟ್ಟುಕೊಳ್ಳುವ ಡಬ್ಬಿ. ಹಾಗೆಂದು ಹೇಳಿದ್ದರೂ ಆಗುತ್ತಿತ್ತು.

“ಅದೂ ನಂದೇ ಪುಡಿ ಸಾರ್,” ಎಂದ ಬಾಲು, ಡಬ್ಬಿ ತೆಗೆದು ಗಲ್ಲಾದ ಮೇಲೆ ಕುಟ್ಟಿ ಇಟ್ಟ. “ಈ ಅಂಗಡೀಲಿ ಯಾವ ಡಬ್ಬಿ ಬೇಕಾದ್ರೂ ಮುಟ್ಟಿ ನೋಡಿ. ಬೆರಕೆ ಅನ್ನೋದು ಇಲ್ಲಿಲ್ಲ. ಸರಿಯಾಗಿ ನೋಡ್ಕಳೋ ವೆಂಕಟೇಶ, ಇನ್ನೊಂದ್ಸಲ ತೋರಿಸಕಾಗಕಿಲ್ಲ.”

ಲೋಟ ತೊಳೆದು ಹೊಸ ನೀರು ತುಂಬಿದರು. ಪುಡಿ ಉದುರಿಸಿದರು. ಒಂದು ಉಸಿರಿನಷ್ಟು ಹೊತ್ತು ಅದು ಮೇಲೆಯೇ ನಿಂತಿತು. ಆಮೇಲೆ ಅಲ್ಲೊಂದು ಇಲ್ಲೊಂದು ಕಾಳು ಇಳಿಯತೊಡಗಿ, ಪ್ರತಿ ಕಾಳಿನ ಹಿಂದೆಯೂ ಒಂದು ಕಂದು ಎಳೆ ನೀರಿನಲ್ಲಿ ಉದ್ದಕ್ಕೂ ಬಿಚ್ಚಿಕೊಂಡಿತು. ನೋಡನೋಡುತ್ತಿದ್ದಂತೆ ಲೋಟದ ತಳ ಕೆಸರಾಯಿತು.

ಮಷಿನ್ನಿನಲ್ಲೇನಾದರೂ ಉಳಿದಿತ್ತೇ, ಯಾರಾದರೂ ಬೇಕೆಂದೇ ತಂದು ಹಾಕಿದರೇ ಎಂದು ಬಾಲು ಡಬ್ಬಿಯೊಳಗೆ ಇಣುಕಿ ನೋಡಿದ. ಅಪ್ಪನ ನೆನಪು ಮಾತ್ರ ಅವನಿಗೆ ಬರಲಿಲ್ಲ. ಅಪ್ಪ ಹಿಂದಿನ ಕಣದಲ್ಲಿ ಬೀಜ ಹರಡುತ್ತಿದ್ದ, ಕಿವಿಯೂ ಅಷ್ಟಕ್ಕಷ್ಟೆ.

“ಬೆರಕೆ ಇದೆಯಲ್ರೀ,” ಎಂದರು ರವಿಚಂದ್ರ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. “ಒಂದು ಡಬ್ಬಿ ಶುದ್ಧ, ಒಂದು ಬೆರಕೆ. ಯಾಕ್ರೀ ಹೀಗೆ?”

“ಇಲ್ಲ ಸಾರ್. ಸಾಧ್ಯನೇ ಇಲ್ಲ.”

“ಕಣ್ಣೆದುರಿಗೇ ಇದೆಯಲ್ಲ. ನೋಡಿ, ಚಿಕೋರಿ ಹಾಕೋದು ತಪ್ಪಲ್ಲ. ಹಾಕಿ ಮುಚ್ಚಿಡೋದು ತಪ್ಪು. ನಾನು ಸ್ಯಾಂಪಲ್ ತಗೊಂಡು ಲ್ಯಾಬಿಗೆ ಕಳಿಸ್ತೀನಿ, ನೋಟಿಸ್ ಬರುತ್ತೆ. ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ. ಮೇಲಿರೋ ಆ ‘ಇಲ್ಲ’ ಅನ್ನೋದನ್ನ ಅಳಿಸಿಬಿಡಿ. ಬರೀ ಬೆರಕೆ ಅಂತ ಇರಲಿ. ದೊಡ್ಡಕ್ಷರದಲ್ಲಿ ನೀವೇ ಬೆರಕೆ ಅಂತ ಬರ್ಕೊಂಡುಬಿಟ್ರೆ ಆಮೇಲೆ ಯಾರೂ ನಿಮ್ಮನ್ನ ಏನೂ ಅನ್ನೋ ಹಾಗಿಲ್ಲ.”

ಪಾಪ, ಅವರು ಒಳ್ಳೆಯದಕ್ಕೇ ಹೇಳಿದ್ದು. ದಂಡ ತಪ್ಪಿಸಿಕೊಳ್ಳುವ ಸುಲಭದ ದಾರಿ ಅದು. ಆದರೆ ಆ ಅಂಗಡಿಯ ಮುಂದೆ, ಆ ಮನುಷ್ಯನಿಗೆ, ಆ ಸಾಕ್ಷಿಯ ಎದುರಿಗೆ ಹೇಳಬಾರದ ಮಾತೊಂದಿದ್ದರೆ ಅದೇ ಆಗಿತ್ತು. ಗಿರಾಕಿಗಳಲ್ಲಿ ಯಾರೋ ಕಿಸಕ್ಕೆಂದರು. ಬಾಲುವಿನ ಬಲಗೈ ತಾನಾಗಿಯೇ ಮುಷ್ಟಿಯಾಯಿತು. ಅವನು ಅದನ್ನು ಎಡಗೈಯಿಂದ ಹಿಡಿದುಕೊಂಡ. ಅವ್ವನ ತಲೆಯ ನರೆಗೂದಲು ಅಂಗೈಗೆ ತಾಗಿದಂತಾಯಿತು.

ಆಗ ವೆಂಕಟೇಶ ತನ್ನ ಬೆಳ್ಳನೆಯ ಹಲ್ಲು ತೋರಿಸಿದ.

“ನಾನು ಅಂದಿದ್ದಕ್ಕೆ ಹಲ್ಲು ಉದುರಿಸ್ಬುಟ್ಟೆ. ಈಗ ಸರ್ಕಾರವೇ ಸೀಲ್ ಹಾಕಿ ಹೇಳ್ತೈತಲ್ಲೋ ಮಾರಾಯ, ನೀನು ಬೆರಕೆ ಅಂತ. ಈಗೇನ್ ಮಾಡ್ತೀಯ?”

ಗಲ್ಲಾದ ಮೇಲೆ ಎರಡು ಕೆ.ಜಿ.ಯ ಕಬ್ಬಿಣದ ತೂಕದ ಬಟ್ಟೊಂದಿತ್ತು. ತೂಗುವುದಕ್ಕೆ ಈಗ ಕರೆಂಟಿನ ತಕ್ಕಡಿ. ಲಾರಿಗಳ ಗಾಳಿಗೆ ಕಾಗದದ ಕವರುಗಳು ಹಾರದಿರಲೆಂದು ಆ ಹಳೆಯ ಬಟ್ಟನ್ನು ಇಟ್ಟುಕೊಂಡಿದ್ದ. ಬಾಲು ಅದನ್ನೆತ್ತಿ ವೆಂಕಟೇಶನ ಮುಖಕ್ಕೆ ಗುರಿಯಿಟ್ಟು ಬೀಸಿದ. ವೆಂಕಟೇಶ ಏಟು ತಪ್ಪಿಸಿಕೊಳ್ಳಲು ಹೋಗಿ ಹಿಂದಕ್ಕೆ ಬಿದ್ದ. ರವಿಚಂದ್ರ ತಡೆಯಲೆಂದು ಗಲ್ಲಾದ ಮೇಲೆ ಕೈಯೂರಿ ಮುಂದೆ ಬಾಗಿದ್ದರು. ಬಟ್ಟು ಅವರ ಬಲಗೈಯ ಮೇಲೆ ಇಳಿಯಿತು. ಒಣ ಕೊಂಬೆ ಮುರಿದ ಸದ್ದಾಯಿತು. ಬೆರಳ ನಡುವಿನ ಪೆನ್ನು ಕೂಡ ಎರಡಾಗಿ, ನೀಲಿ ಶಾಯಿಯೂ ರಕ್ತವೂ ಒಟ್ಟಿಗೆ ಫಾರಮ್ಮಿನ ಮೇಲೆ ಹರಡಿದವು. ಅವರು ಕೈಯನ್ನೇ ನೋಡುತ್ತಾ ಅಲ್ಲೇ ಕುಸಿದರು.

ತಪ್ಪಾಯಿತು ಎನ್ನುವ ಹೊತ್ತಲ್ಲ ಅದು. ಎರಡು ವರ್ಷ ಕಟ್ಟಿಟ್ಟಿದ್ದ ಕೋಪ ಒಮ್ಮೆ ಹೊರಗೆ ಬಂದ ಮೇಲೆ ಅವನ ಮಾತನ್ನು ಅದು ಕೇಳುವುದಾದರೂ ಹೇಗೆ? ಬಾಲು ಗಲ್ಲಾ ಹಾರಿ ಬಂದು ವೆಂಕಟೇಶನ ಕೂದಲು ಹಿಡಿದು ಮೆಟ್ಟಿಲಿಗೆ ಕುಟ್ಟಿದ. ಒಂದು, ಎರಡು, ಮೂರು. ಹಣೆ ಒಡೆಯಿತು. ವೆಂಕಟೇಶ ಗಲ್ಲಾದಿಂದ ಬಿದ್ದು ಒಡೆದಿದ್ದ ಗಾಜಿನ ಲೋಟದಿಂದ ತಿರುಗಿ ಹೊಡೆದ. ಬಾಲುವಿನ ಕೆನ್ನೆ ಕಿವಿಯವರೆಗೂ ಸೀಳಿತು. ಬಾಲುವಿಗೆ ಅದು ತಿಳಿಯಲೇ ಇಲ್ಲ. ಅವನು ವೆಂಕಟೇಶನ ಎದೆಯ ಮೇಲೆ ಕೂತು ಬಾಯಿಗೇ ಗುದ್ದುತ್ತಿದ್ದ. ಕಟ್ಟಿಸಿದ ಹಲ್ಲೂ ಹೋಯಿತು, ಪಕ್ಕದ ಸ್ವಂತ ಹಲ್ಲೂ ಹೋಯಿತು. “ಹೇಳ್ಲಾ! ಹೇಳ್ಲಾ ಇನ್ನೊಂದ್ಸಲ!” ಎಂದು ಪ್ರತಿ ಗುದ್ದಿಗೂ ಕೂಗುತ್ತಿದ್ದ. ಬಿಡಿಸಲು ಬಂದ ಇನ್ಸ್‌ಪೆಕ್ಟರರ ಡ್ರೈವರನ ಹೊಟ್ಟೆಗೆ ಒದ್ದ ಏಟಿಗೆ ಅವನು ಚರಂಡಿಗೆ ಹೋಗಿ ಬಿದ್ದ. ಗಿರಾಕಿಗಳು ಒಬ್ಬೊಬ್ಬರೇ ಹಿಂದೆ ಸರಿದರು.

ಕುಳ್ಳಯ್ಯ ಬಂದದ್ದು ಆಗ. ಕಣದಿಂದ ಓಡಿ ಬಂದವನಿಗೆ ಮೊದಲು ಕಂಡದ್ದು ರಕ್ತವಲ್ಲ, ಗಲ್ಲಾದ ಮೇಲೆ ಮುಚ್ಚಳ ತೆಗೆದಿಟ್ಟ ಬಿಸ್ಕತ್ತಿನ ಡಬ್ಬಿ. ಆ ಮುದುಕನಿಗೆ ಎಲ್ಲವೂ ಆ ಕ್ಷಣವೇ ಅರ್ಥವಾಗಿಹೋಯಿತು. ಅವನು ಹೋಗಿ ಮಗನ ತೋಳಿಗೆ ಎರಡೂ ಕೈಯಿಂದ ಜೋತುಬಿದ್ದ.

“ಬುಡ್ಲಾ ಮಗಾ, ಬುಡು! ಅವ್ರದ್ದೇನೂ ತಪ್ಪಿಲ್ಲ. ಬೆರ್ಸಿದ್ದು ನಾನು ಕಣ್ಲಾ!”

ಬಾಲುವಿನ ಮುಷ್ಟಿ ಗಾಳಿಯಲ್ಲೇ ನಿಂತಿತು.

“ನಾನೇ ಕಣಪ್ಪಾ. ಸಕಲೇಶಪುರದ ಸಂತೇಲಿ ಚಿಕೋರಿ ತಂದು ಬೆರ್ಸಿ ಇಟ್ಕಂಡಿದ್ದೆ. ಮಾರಕ್ಕಲ್ಲ, ನಮಗೆ ಕುಡಿಯಕ್ಕೆ. ಮೂರಕ್ಕೆ ಒಂದು, ನಿಮ್ಮವ್ವ ಹಾಕ್ತಿದ್ದ ಹದ. ಲೈನ್‌ನಾಗೆ ಎಲ್ಲ ಹಂಗೇ ಅಲ್ವಾ ಕುಡೀತಿದ್ದದ್ದು? ನೀನೂ ದಿನಾ ಕುಡ್ದು, ಅವ್ವನ ಕಾಫಿ ಹಂಗೈತೆ ಅಂದೆಯಲ್ಲ. ಅಷ್ಟು ಖುಷಿಯಾಗಿ ಅಂದ್ಯಲ್ಲ ಅಂತ ನಾನು ಬಾಯಿ ಬುಡ್ನಿಲ್ಲ.”

ಬಾಲು ಎದ್ದು ನಿಂತ. ಕೆನ್ನೆಯಿಂದ ರಕ್ತ ತೊಟ್ಟಿಕ್ಕಿ ಅಂಗಿ ತೊಯ್ದಿತ್ತು. ಹುರಿಯುವ ಹದ ಕೈಹತ್ತಿತು ಎಂದು ಅವನು ಹಿಗ್ಗಿದ್ದೆಲ್ಲ ಸುಳ್ಳು. ಅವ್ವನ ಕಾಫಿಯೂ ಬೆರಕೆ. ಬೆರಕೆಯನ್ನೇ ಕುಡಿದು ಬೆಳೆದವನು ಊರಿಗೆಲ್ಲ ಕಾಣುವಂತೆ ಬೋರ್ಡು ಹಾಕಿಕೊಂಡು ಕೂತಿದ್ದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಅವನಿಗೆ ನಾಚಿಕೆಯಾಯಿತು, ಆ ನಾಚಿಕೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಡಬ್ಬಿಯನ್ನು ಎತ್ತಿ ಅಪ್ಪನ ಎದೆಗೆ ಬೀಸಿ ಎಸೆದ. ಪುಡಿ ಕುಳ್ಳಯ್ಯನ ಮುಖಕ್ಕೆ, ಕಣ್ಣಿಗೆ ಹಾರಿತು. ಬಾಲು ನೆಲದ ಮೇಲಿದ್ದ ಬಟ್ಟನ್ನು ಮತ್ತೆ ಕೈಗೆತ್ತಿಕೊಂಡ. ಕುಳ್ಳಯ್ಯ ಹಿಂದೆ ಸರಿಯಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

ಬಟ್ಟು ಬೀಳಲಿಲ್ಲ. ಅದರ ಬದಲು ಮಾತು ಬಿತ್ತು.

“ನನ್ನ ಅಂಗಡೀಲಿ ಬೆರ್ಸಕ್ಕೆ ನೀನ್ಯಾವೋನೋ? ನೀನೇನು ನಮ್ಮಪ್ಪನಾ?”

ಘಾಟಿಯಿಂದ ಬಂದ ಲಾರಿಯೊಂದು ಹಾರನ್ ಹೊಡೆಯುತ್ತಾ ಹಾದುಹೋಯಿತು. ಆ ಸದ್ದಿಗೆ ಮಾತು ಮುಚ್ಚಿಹೋಗಬಾರದಿತ್ತೇ? ಹೋಗಲಿಲ್ಲ. ಎಲ್ಲರಿಗೂ ಕೇಳಿಸಿತು. ಕಿವಿ ಮಂದವಾಗಿದ್ದ ಕುಳ್ಳಯ್ಯನಿಗೂ ಕೇಳಿಸಿತು. ಮೂವತ್ತೈದು ವರ್ಷ ಊರವರ ಬಾಯಿಂದ ಆ ಪ್ರಶ್ನೆ ಕೇಳಿ ನಗುತ್ತಿದ್ದ ಮನುಷ್ಯ, ಈಗ ಎಲೆಯಡಿಕೆ ತುಂಬಿದ ಬಾಯಿಯನ್ನು ಹಾಗೇ ನಿಲ್ಲಿಸಿಕೊಂಡು ಮಗನನ್ನು ನೋಡಿದ. ಹೊತ್ತು ತಿರುಗಿದವನು ನಾನು ಎಂದು ಅವನು ಹೇಳಲಿಲ್ಲ.

ಕಣ್ಣೊಳಗಿನ ಪುಡಿಯನ್ನು ತೋಳಿನಿಂದ ಒರೆಸಿಕೊಂಡು ಅವನು ರವಿಚಂದ್ರರ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಹೆಗಲ ಮೇಲಿನ ಟವೆಲನ್ನು ಹರಿದು, ಜಜ್ಜಿಹೋಗಿದ್ದ ಬೆರಳುಗಳನ್ನು ಒಟ್ಟುಗೂಡಿಸಿ ಕಟ್ಟಿದ. “ತಡ್ಕಳಿ ಸ್ವಾಮಿ, ತಡ್ಕಳಿ” ಎನ್ನುತ್ತಾ ಅವರನ್ನು ಹೆಗಲಿಗೆ ಆನಿಸಿಕೊಂಡು ಜೀಪಿಗೆ ಹತ್ತಿಸಿದ. ಆಮೇಲೆ ಗಿರಾಕಿಗಳ ಜೊತೆ ಸೇರಿ ವೆಂಕಟೇಶನನ್ನೂ ಎತ್ತಿ ಮಲಗಿಸಿದ. ಆಸ್ಪತ್ರೆಗೆ ತಾನೂ ಅವರ ಜೊತೆ ಹೋದ. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಬಾಲು ಬಟ್ಟು ಹಿಡಿದುಕೊಂಡು ಪೊಲೀಸರು ಬರುವ ತನಕ ಅಲ್ಲೇ, ಬೋರ್ಡಿನ ಕೆಳಗೇ ನಿಂತಿದ್ದ. ಯಾರೂ ಅವನ ಹತ್ತಿರ ಬರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಸಕಲೇಶಪುರದ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ರಾಜಶೇಖರ್ ಬರೆಯಲು ಕೂತರು. ಬಾಲುವಿನ ಕೆನ್ನೆಗೆ ಒಂಬತ್ತು ಹೊಲಿಗೆ ಹಾಕಿದ್ದರು. ಬಾಯಿ ತೆರೆದರೆ ಎಳೆಯುತ್ತಿತ್ತು. ಇನ್ಸ್‌ಪೆಕ್ಟರರ ಬಲಗೈಯ ಎರಡು ಬೆರಳು ಉಳಿಯುವುದಿಲ್ಲವಂತೆ ಎಂದು ಯಾರೋ ಹೇಳಿದರು. ಇನ್ನು ಆ ಕೈಯಲ್ಲಿ ಪೆನ್ನು ಹಿಡಿಯುವುದು ಕಷ್ಟ. ಕೇಳಿಕೊಂಡು ಒತ್ತಕ್ಷರ ಸರಿಯಾಗಿ ಬರೆದ ಕೈ ಅದು. ಬಾಲು ಗೋಡೆಗೆ ಒರಗಿದ.

ಬಾಗಿಲಲ್ಲಿ ಕುಳ್ಳಯ್ಯ ಕಾಣಿಸಿಕೊಂಡ. ಆಸ್ಪತ್ರೆಯಿಂದ ಊರಿಗೆ ಹೋಗಿ, ಬಸ್ಸು ಹಿಡಿದು ಮತ್ತೆ ಬಂದಿದ್ದ. ಕೈಯಲ್ಲಿ ಮಡಚಿದ ಒಂದು ಒಗೆದ ಅಂಗಿ. ಅವನ ಹುಬ್ಬಿನಲ್ಲಿ ಇನ್ನೂ ಕಾಫಿಪುಡಿ ಅಂಟಿಕೊಂಡಿತ್ತು. ಅಂಗಿಯನ್ನು ಬೆಂಚಿನ ಮೇಲಿಟ್ಟು ಪಕ್ಕದಲ್ಲಿ ನಿಂತ.

“ಹೆಸರು?” ಎಂದರು ರಾಜಶೇಖರ್.

“ಬಾಲು.”

“ತಂದೆ ಹೆಸರು?”

ಬಾಲು ಬಾಯಿ ತೆರೆದ. ಹೊಲಿಗೆ ಎಳೆಯಿತು. ಬೆಳಿಗ್ಗೆ ರಸ್ತೆಯಾಚೆಗೆ ಕೇಳುವಂತೆ ಕೂಗಿದ ಹೆಸರನ್ನು ನುಂಗಿಕೊಂಡು, ಬೆಂಚಿನ ಮೇಲಿನ ಅಂಗಿಯ ಕಡೆ ನೋಡಿದ.

ರಾಜಶೇಖರ್ ತಲೆಯೆತ್ತಿ ಮುದುಕನ ಕಡೆ ನೋಡಿದರು. “ನೀನ್ಯಾರಯ್ಯ? ಇವನಿಗೆ ಏನಾಗಬೇಕು?”

“ಅವುನ್ನೇ ಕೇಳಿ ಸ್ವಾಮಿ,” ಎಂದ ಕುಳ್ಳಯ್ಯ. “ಅವನೇನು ಹೇಳ್ತಾನೋ ಅದೇ ಬರ್ಕಳಿ.”

“ಹೇಳೋ, ಹೊತ್ತಾಗುತ್ತೆ,” ಎಂದರು ರಾಜಶೇಖರ್.

ಬಾಲು ತಲೆ ತಗ್ಗಿಸಿಕೊಂಡು ಏನೋ ಗೊಣಗಿದ. ಅದು ಅವನಿಗೇ ಕೇಳಿಸಲಿಲ್ಲ.

“ಗಟ್ಟಿಯಾಗಿ ಹೇಳೋ.”

“ಕುಳ್ಳಯ್ಯ!” ಎಂದು ಬಾಲು ಕಿರುಚಿದ. ಕೆನ್ನೆಯ ಹೊಲಿಗೆಯೊಂದು ಬಿಟ್ಟು ರಕ್ತ ಕುತ್ತಿಗೆಗಿಳಿಯಿತು. “ಕುಳ್ಳಯ್ಯ ನಮ್ಮಪ್ಪ, ಸಾರ್!”

ಹೇಳಿ ಬೆಂಚಿನ ಕಡೆ ತಿರುಗಿದ. ಅಂಗಿಯೊಂದೇ ಇತ್ತು. ಯಾರು ಏನೇ ಕೇಳಿದರೂ ನಗುತ್ತಾ ನಿಲ್ಲುತ್ತಿದ್ದ ಮನುಷ್ಯ, ಈ ಒಂದು ಉತ್ತರಕ್ಕೆ ಹೆದರಿ, ಅದನ್ನು ಕೇಳಿಸಿಕೊಳ್ಳದೆ ಹೊರಟುಹೋಗಿದ್ದ. ಕಿಟಕಿಯಾಚೆ ಬಸ್ಸಿನ ಕಡೆಗೆ ನಡೆಯುತ್ತಿದ್ದ ಅವನ ಗಿಡ್ಡ ಬೆನ್ನು ಬಾಲುವಿಗೆ ಕಂಡಿತು. ಕೂಗಿದ. ಕಿವಿ ಮಂದವಾದ ಮುದುಕ ತಿರುಗಲಿಲ್ಲ.

“ಕುಲ್ಲಯ್ಯ,” ಎಂದು ತಪ್ಪಾಗಿ ಹೇಳಿಕೊಳ್ಳುತ್ತಾ ರಾಜಶೇಖರ್ ಬರೆದುಕೊಂಡರು. ಬಾಲು ಕಿಟಕಿಯ ಸರಳು ಹಿಡಿದು ಇನ್ನೂ ಕೂಗುತ್ತಲೇ ಇದ್ದ, “ಅಪ್ಪಾ” ಎಂದು.